ಬೇತಾಳನಿಗೆ ಮುಸ್ಸಂಜೆ ಸಲ್ಲುವುದೇ? ಮುದ್ರಿತ ಚಿತ್ರಗಳಲ್ಲಿ ಒಂದು ರೂಪಕದ ವಿಮರ್ಶೆ

ಮುದ್ರಿತ ಚಿತ್ರವಿನ್ಯಾಸದಲ್ಲಿ, ಎಂದರೆ ಇಂದು ಗ್ರಾಫಿಕ್ ಡಿಸೈನ್ ಎಂಬ ಹೆಸರಿನಿಂದ ನಡೆಯುತ್ತಿರುವ ಕಲೆಯಲ್ಲಿ, ಪ್ರೇತಭಯವನ್ನು ಸೂಚಿಸಬೇಕಾದಾಗಲೆಲ್ಲ ಮುಸ್ಸಂಜೆಯ ಆಕಾಶವನ್ನು ತಂದು ನಿಲ್ಲಿಸುವ ವಾಡಿಕೆಯೊಂದು ಬೇರೂರಿದೆ. ಕೆಳಗೆ ಕೆಂಪು, ಅದರ ಮೇಲೆ ಕಿತ್ತಳೆ, ಎಲ್ಲಕ್ಕೂ ಮೇಲೆ ನೇರಿಳೆ. ಆ ಬಣ್ಣಗಳಿಗೆ ಎದುರಾಗಿ ಎಲೆಯುದುರಿದ ಮರವೊಂದರ ಕರಿಯ ಆಕೃತಿ, ಸುತ್ತ ನಾಲ್ಕಾರು ಬಾವಲಿಗಳು. ಪಾಶ್ಚಾತ್ಯರ ರಕ್ತಪಾಯಿ ಪ್ರೇತನಾದ ವ್ಯಾಂಪೈರನಿಗಾಗಿ ರೂಪುಗೊಂಡ ಈ ಚಿತ್ರಭಾಷೆ ಈಗ ನಮ್ಮ ಬೇತಾಳನ ಮೇಲೂ ಏರಿ ಕುಳಿತಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಸಂಚರಿಸುವಾಗ ನಾಟಕದ ಫಲಕಗಳಲ್ಲಿಯೂ ಜಾತ್ರೆಯ ಫ್ಲೆಕ್ಸುಗಳಲ್ಲಿಯೂ ಪುಸ್ತಕದ ಅಂಗಡಿಯಲ್ಲಿ ತೂಗಹಾಕಿದ ಮಕ್ಕಳ ಕಥೆಗಳ ಹೊದಿಕೆಗಳಲ್ಲಿಯೂ ಇದೇ ಆಕಾಶವನ್ನು ನಾವು ಕಂಡಿದ್ದೇವೆ. ಈ ರೂಪಕವು ವ್ಯಾಂಪೈರನಿಗೆ ಒಪ್ಪುವುದಾದರೂ ಬೇತಾಳನಿಗೆ ಒಪ್ಪದು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕರಿಗೆ ಈ ವಿಷಯದಲ್ಲಿ ಏನು ಕೆಲಸ ಎಂದು ಕೆಲವರು ಕೇಳಬಹುದು. ಶಾಸನದ ಅಕ್ಷರವನ್ನು ತಪ್ಪಾಗಿ ಓದಿದರೆ ಅರಸನ ಹೆಸರು ಬದಲಾಗುವಂತೆ, ಚಿತ್ರದ ಬಣ್ಣವನ್ನು ತಪ್ಪಾಗಿ ಬಳಸಿದರೆ ಜನರ ನೆನಪಿನಲ್ಲಿರುವ ಒಂದು ದೈವದ ಚರಿತ್ರೆಯೇ ಬದಲಾಗುತ್ತದೆ. ಇಷ್ಟನ್ನು ಹೇಳಿ ಮುಂದುವರಿಯುತ್ತೇವೆ.

ಮೊದಲು ಪರಿಭಾಷೆಯ ಮಾತು. ಮುಸ್ಸಂಜೆಯು ಪ್ರೇತಕ್ಕೆ ರೂಪಕವೆಂದು ವಿನ್ಯಾಸಕಾರರು ಹೇಳುವರು. ನಮ್ಮ ಆಲಂಕಾರಿಕರ ದೃಷ್ಟಿಯಲ್ಲಿ ರೂಪಕವೆಂದರೆ ಉಪಮಾನ ಉಪಮೇಯಗಳಿಗೆ ಅಭೇದವನ್ನು ಕಲ್ಪಿಸುವುದು. ಅವೆರಡಕ್ಕೂ ಸಮಾನವಾದ ಧರ್ಮವೊಂದು ಇದ್ದಲ್ಲದೆ ಆ ಕಲ್ಪನೆ ನಿಲ್ಲದು. ಹೊತ್ತು, ಸ್ಥಳ, ಗಾಳಿ, ಬೆಳಕುಗಳು ರಸವನ್ನು ಕೆರಳಿಸುವುದಕ್ಕಾಗಿ ಬಂದರೆ ಅವು ಉದ್ದೀಪನ ವಿಭಾವಗಳಾಗುತ್ತವೆಯೇ ಹೊರತು ರೂಪಕವಾಗುವುದಿಲ್ಲ. ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಓದಿದ ವಿದ್ಯಾರ್ಥಿಗಳಿಗೆ ಈ ಭೇದ ವಿದಿತವೇ ಇದೆ. ಆದುದರಿಂದ ಮುಸ್ಸಂಜೆಯ ಚಿತ್ರವೊಂದನ್ನು ಕಂಡಾಗ ನಾವು ಕೇಳಬೇಕಾದ ಪ್ರಶ್ನೆ ಎರಡು ಬಗೆಯದು. ಅದು ಕೇವಲ ಭಯಾನಕ ರಸದ ಉದ್ದೀಪನಕ್ಕೆ ಬಂದಿದೆಯೇ, ಅಥವಾ ಚಿತ್ರಿತವಾದ ವಸ್ತುವಿಗೂ ಆ ಹೊತ್ತಿಗೂ ಒಳಗಿನ ಸಾಮ್ಯವೇನಾದರೂ ಉಂಟೆ?

ವ್ಯಾಂಪೈರನ ವಿಷಯದಲ್ಲಿ ಅಂಥ ಸಾಮ್ಯ ಉಂಟು. ಅವನು ಸತ್ತವನೂ ಅಲ್ಲ, ಬದುಕಿದವನೂ ಅಲ್ಲ. ಮುಸ್ಸಂಜೆ ಹಗಲೂ ಅಲ್ಲ, ಇರುಳೂ ಅಲ್ಲ. ಒಂದೇ ದೇಹದಲ್ಲಿ ಎರಡು ಸ್ಥಿತಿಗಳು ಬೆರೆತಿರುವುದೇ ಅವನ ಸ್ವರೂಪ, ಒಂದೇ ಆಕಾಶದಲ್ಲಿ ಎರಡು ಹೊತ್ತುಗಳು ಬೆರೆತಿರುವುದೇ ಮುಸ್ಸಂಜೆಯ ಸ್ವರೂಪ. ಇಲ್ಲಿ ರೂಪಕವು ನ್ಯಾಯವಾದದ್ದೇ. ಆದರೆ ಈ ನ್ಯಾಯವಾದ ರೂಪಕ ಪಶ್ಚಿಮದವರಿಗೂ ಬಹುಕಾಲ ಹೊಳೆದಿರಲಿಲ್ಲವೆಂಬುದು ಸ್ವಾರಸ್ಯದ ಸಂಗತಿ. ವ್ಯಾಂಪೈರನ ಮಾತು ಯೂರೋಪಿನಲ್ಲಿ ಹಬ್ಬಿದ್ದು ೧೭೨೦ರ ಹಾಗೂ ೧೭೩೦ರ ದಶಕಗಳಲ್ಲಿ, ಸರ್ಬಿಯದ ಹಳ್ಳಿಗಳಲ್ಲಿ ಗೋರಿಗಳನ್ನು ಅಗೆಯಿಸಿ ನೋಡಿದ ಆಸ್ಟ್ರಿಯದ ಅಧಿಕಾರಿಗಳು ಬರೆದ ವರದಿಗಳಿಂದ. ಆ ವರದಿಗಳಲ್ಲಿರುವುದು ಕೊಳೆಯದ ಹೆಣ, ಬಾಯಲ್ಲಿ ಕಂಡ ರಕ್ತ, ಊರಿನ ಸಾವುಗಳು. ಆಕಾಶದ ಸೊಬಗಿಗೆ ಅಲ್ಲಿ ಎಡೆಯಿಲ್ಲ. ೧೮೧೯ರಲ್ಲಿ ಜಾನ್ ಪೊಲಿಡೋರಿ ಬರೆದ ಕಥೆಯಲ್ಲಿ ಸತ್ತ ಪ್ರಭುವಿಗೆ ಮರಳಿ ಜೀವ ಬರುವುದು ಬೆಳುದಿಂಗಳಿನಿಂದ. ೧೮೭೨ರ 'ಕಾರ್ಮಿಲ್ಲಾ' ಕಥೆಯ ನಾಯಿಕೆ ಮಧ್ಯಾಹ್ನದ ಮೇಲೆ ಎದ್ದು ಎಲ್ಲರೊಡನೆ ತಿರುಗಾಡುವಳು.

೧೮೯೭ರಲ್ಲಿ ಪ್ರಕಟವಾದ ಬ್ರ್ಯಾಮ್ ಸ್ಟೋಕರನ 'ಡ್ರಾಕುಲಾ' ಕಾದಂಬರಿಯಲ್ಲಿ ವಿಷಯವು ಸೂಕ್ಷ್ಮವಾಗುತ್ತದೆ. ಈ ಗ್ರಂಥವನ್ನು ಓದದೆ ಚಲಚ್ಚಿತ್ರಗಳನ್ನು ಮಾತ್ರ ನೋಡಿದವರು ಡ್ರಾಕುಲನು ಬಿಸಿಲಿಗೆ ಸುಟ್ಟು ಬೂದಿಯಾಗುವನೆಂದು ನಂಬಿರುವರು. ಕಾದಂಬರಿಯಲ್ಲಾದರೋ ಅವನು ಲಂಡನ್ ನಗರದ ಪಿಕ್ಯಾಡಿಲಿ ಬೀದಿಯಲ್ಲಿ ಹಗಲು ಹೊತ್ತಿನಲ್ಲಿಯೇ ಕಾಣಿಸಿಕೊಳ್ಳುತ್ತಾನೆ. ಹಗಲಿನಲ್ಲಿ ಅವನ ಶಕ್ತಿ ಕುಂದಿರುತ್ತದೆ, ಅಷ್ಟೆ. ತನ್ನ ನೆಲೆಯ ಹೊರಗಿರುವಾಗ ಸೂರ್ಯೋದಯ, ನಡುಹಗಲು, ಸೂರ್ಯಾಸ್ತ ಈ ಮೂರು ಕ್ಷಣಗಳಲ್ಲಿ ಮಾತ್ರ ಅವನು ರೂಪ ಬದಲಾಯಿಸಬಲ್ಲನೆಂದು ಅಲ್ಲಿನ ವೃದ್ಧ ಪಂಡಿತನು ವಿವರಿಸುವನು. ಈ ಮೂರೂ ನಮ್ಮ ತ್ರಿಕಾಲ ಸಂಧ್ಯೆಯ ಹೊತ್ತುಗಳೇ ಆಗಿವೆಯೆಂಬುದನ್ನು ವಾಚಕರು ಗಮನಿಸಬೇಕು. ಕಥೆಯ ಕೊನೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ ಡ್ರಾಕುಲನು ಮುಳುಗುತ್ತಿರುವ ಸೂರ್ಯನನ್ನು ಕಂಡು, ಇನ್ನು ತನಗೆ ಬಲ ಬಂದಿತೆಂದು ಹಿಗ್ಗುವ ಕ್ಷಣದಲ್ಲಿಯೇ ಬೆನ್ನಟ್ಟಿ ಬಂದವರ ಕತ್ತಿಗಳು ಅವನನ್ನು ಕೊಲ್ಲುತ್ತವೆ. ಮುಸ್ಸಂಜೆ ಅವನ ಆಸೆಯ ಹೊತ್ತೂ ಹೌದು, ಅವನ ಮರಣದ ಹೊತ್ತೂ ಹೌದು. ರೂಪಕವೆಂದು ಹೇಳುವುದಾದರೆ ಇದನ್ನು ಹೇಳಬೇಕು.

ಆದರೂ ಆ ಕಾಲದ ವಿನ್ಯಾಸಕಾರರು ಇದನ್ನು ಮುಟ್ಟಲಿಲ್ಲ. ೧೮೯೭ರ ಮೊದಲ ಮುದ್ರಣದ ಹೊದಿಕೆ ಹಳದಿಯ ಬಟ್ಟೆ, ಅದರ ಮೇಲೆ ಕೆಂಪು ಅಕ್ಷರ. ೧೯೦೧ರ ಅಗ್ಗದ ಮುದ್ರಣದಲ್ಲಿ ಕೋಟೆಯ ಗೋಡೆಯ ಮೇಲೆ ತಲೆಕೆಳಗಾಗಿ ಇಳಿಯುವ ಮನುಷ್ಯಾಕೃತಿಯಿದೆ. ಬಿಸಿಲಿನಿಂದ ಸಾಯುವ ವ್ಯಾಂಪೈರನನ್ನು ಜನರಿಗೆ ಕಾಣಿಸಿದ್ದು ೧೯೨೨ರಲ್ಲಿ ಮುರ್ನೌ ನಿರ್ದೇಶಿಸಿದ ಜರ್ಮನ್ ಚಲಚ್ಚಿತ್ರ 'ನೊಸ್ಫೆರಾಟು'. ಅದರ ರಾತ್ರಿಯ ದೃಶ್ಯಗಳನ್ನು ಹಗಲಿನಲ್ಲಿಯೇ ತೆಗೆದು ಪ್ರತಿಗಳಿಗೆ ನೀಲಿಯ ಬಣ್ಣ ಕೊಟ್ಟಿದ್ದರು. ಮುಂದೆ ಬಣ್ಣವಿಲ್ಲದ ಪ್ರತಿಗಳನ್ನು ನೋಡಿದವರಿಗೆ ಪ್ರೇತನು ಹಾಡುಹಗಲಿನಲ್ಲಿ ಶವಪೆಟ್ಟಿಗೆ ಹೊತ್ತು ನಡೆದಂತೆ ಕಾಣಿಸಿತು. ಬಣ್ಣವೊಂದು ಹೋದೊಡನೆ ಹೊತ್ತೇ ಬದಲಾಯಿತು! ವಿನ್ಯಾಸದಲ್ಲಿ ಬಣ್ಣಕ್ಕೆ ಎಷ್ಟು ಹೊಣೆಯಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಇತ್ತೀಚಿನ ಮಾತು ಹೇಳುವುದಾದರೆ, ೨೦೦೫ರಲ್ಲಿ ಹೊರಬಂದು ಜಗತ್ತಿನ ತರುಣರೆಲ್ಲ ಓದಿದ ಸ್ಟೆಫನಿ ಮೇಯರರ ಕಾದಂಬರಿಯ ಹೆಸರೇ ಮುಸ್ಸಂಜೆ ಎಂಬರ್ಥದ 'ಟ್ವೈಲೈಟ್'. ಆದರೆ ಅದರ ಹೊದಿಕೆಯ ಮೇಲೆ ಸಂಜೆಯ ಬಣ್ಣ ಒಂದು ಎಳೆಯೂ ಇಲ್ಲ. ಕರಿಯ ಹಿನ್ನೆಲೆ, ಬಿಳಿಚಿದ ಎರಡು ಕೈಗಳು, ಕೆಂಪು ಸೇಬು. ಹೆಸರು ಹೇಳಿದುದನ್ನು ಚಿತ್ರ ಮತ್ತೆ ಹೇಳಬಾರದೆಂಬ ವಿವೇಕ ಆ ವಿನ್ಯಾಸದಲ್ಲಿದೆ.

ಹಾಗಾದರೆ ಕಿತ್ತಳೆ ನೇರಿಳೆಗಳ ಆಕಾಶ ಇಷ್ಟು ಹರಡಿದ್ದೇಕೆ? ನಮಗೆ ತೋರುವ ಕಾರಣ ತೀರ ಲೌಕಿಕವಾದದ್ದು. ರಾತ್ರಿಯನ್ನು ಕಾಗದದ ಮೇಲೆ ತೋರಿಸುವುದು ಕಷ್ಟ. ಕತ್ತಲೆಯನ್ನು ಕತ್ತಲೆಯಾಗಿಯೇ ಅಚ್ಚುಮಾಡಿದರೆ ಅದರೊಳಗಿನ ಆಕೃತಿ ಕಾಣದು. ಹಿಂದೆ ಬೆಳಕಿದ್ದು ಮುಂದೆ ವಸ್ತುವಿದ್ದರೆ ಕಣ್ಣು, ಮೂಗು, ಉಡುಪುಗಳನ್ನು ಬರೆಯುವ ಶ್ರಮವಿಲ್ಲದೆ ಕರಿಯ ಆಕಾರವೊಂದರಿಂದ ಕೆಲಸವಾಗುತ್ತದೆ, ದಪ್ಪ ಅಕ್ಷರಗಳಿಗೂ ತಿಳಿಯಾದ ಜಾಗ ಸಿಗುತ್ತದೆ. ನಿಪ್ಪಾಣಿಯಂಥ ಊರಿನಲ್ಲಿ ಒಂದೇ ಫಲಕದ ಮೇಲೆ ಕನ್ನಡ ಮರಾಠಿಗಳೆರಡೂ ಬರಬೇಕಾಗುವುದರಿಂದ ಆ ಜಾಗಕ್ಕೆ ಬೆಲೆ ಹೆಚ್ಚು. ಸಿದ್ಧಚಿತ್ರಗಳ ಭಂಡಾರದಿಂದ ಸೂರ್ಯಾಸ್ತವನ್ನು ಎತ್ತಿಕೊಳ್ಳುವುದು ಅರೆಗಳಿಗೆಯ ಕೆಲಸ. ಅವಸರದಲ್ಲಿ ಅಚ್ಚಾಗುವ ಫಲಕದ ಮೇಲೆ ಇದನ್ನು ಕಂಡು ಕೋಪಗೊಳ್ಳುವುದು ಸಲ್ಲದು. ಆದರೆ ಅನುಕೂಲವನ್ನು ರೂಪಕವೆಂದು ಕರೆದು, ಕಾಲೇಜಿನ ಚಿತ್ರವಿನ್ಯಾಸದ ವಿದ್ಯಾರ್ಥಿಗೆ ಹಾಗೆಂದು ಕಲಿಸಿದಾಗ ವಿಮರ್ಶೆ ಅಗತ್ಯವಾಗುತ್ತದೆ.

ಇನ್ನು ಬೇತಾಳನ ಕಡೆಗೆ ಬರೋಣ. ಹನ್ನೊಂದನೆಯ ಶತಮಾನದಲ್ಲಿ ಸೋಮದೇವನು ರಚಿಸಿದ 'ಕಥಾಸರಿತ್ಸಾಗರ'ದಲ್ಲಿ ಬೇತಾಳನ ಇಪ್ಪತ್ತೈದು ಕಥೆಗಳು ಅಡಕವಾಗಿವೆ. ಶಿವದಾಸ, ಜಂಭಲದತ್ತರ ಪ್ರತ್ಯೇಕ ಪಾಠಗಳೂ ಉಂಟು. ಸೋಮದೇವನ ನಾಯಕನು ತ್ರಿವಿಕ್ರಮಸೇನ, ಅವನ ನಗರ ಗೋದಾವರಿಯ ದಡದ ಪ್ರತಿಷ್ಠಾನ, ಎಂದರೆ ಸಾತವಾಹನರ ರಾಜಧಾನಿಯಾಗಿದ್ದ ಪೈಠಣ. ಕಥೆಯ ಮನೆ ದಕ್ಷಿಣಾಪಥವೇ ಎಂಬುದನ್ನು ನಾವು ಮರೆಯಲಾಗದು. ಭಿಕ್ಷುವೊಬ್ಬನಿಗೆ ಮಾತು ಕೊಟ್ಟ ಅರಸನು ಕೃಷ್ಣ ಚತುರ್ದಶಿಯ ದಿನ ಇರುಳು ಕವಿಯುವ ಹೊತ್ತಿಗೆ ಕತ್ತಿ ಹಿಡಿದು, ಕಪ್ಪು ಉಡುಪು ತೊಟ್ಟು, ಯಾರಿಗೂ ಕಾಣದಂತೆ ಊರು ಬಿಡುವನು; ಶಿಂಶಪಾ ಮರದಲ್ಲಿ ತೂಗುತ್ತಿರುವ ಹೆಣವನ್ನು ಇಳಿಸಿ ಹೆಗಲಿಗೇರಿಸುವನು. ಹೀಗಿರುವಲ್ಲಿ ಸಂಜೆಗೆ ಸ್ಥಾನವಿದ್ದರೆ ಅದು ಅರಸನು ಹೊರಡುವ ಹೊತ್ತಾಗಿ. ಬೇತಾಳನ ಹೊತ್ತು ಚಂದ್ರನಿಲ್ಲದ ನಡುರಾತ್ರಿ.

ಹೊತ್ತಿಗಿಂತಲೂ ಮುಖ್ಯವಾದದ್ದು ಸ್ವರೂಪ. ಬೇತಾಳನು ಸತ್ತೂ ಸಾಯದವನಲ್ಲ. ಹೆಣವು ಬೇರೆ, ಅದನ್ನು ಹೊಕ್ಕು ಮಾತನಾಡುವ ಬೇತಾಳನು ಬೇರೆ. ಹೆಣ ಪೂರ್ತಿಯಾಗಿ ಸತ್ತಿದೆ. ಬೇತಾಳನು ಪೂರ್ತಿಯಾಗಿ ಎಚ್ಚರವಾಗಿದ್ದಾನೆ, ಅರಸನಿಗಿಂತಲೂ ಹೆಚ್ಚು ಎಚ್ಚರವಾಗಿದ್ದಾನೆ. ಎರಡರ ನಡುವೆ ಬೆರಕೆಯಿಲ್ಲ, ಮಸುಕಿಲ್ಲ. ಮೇಲಾಗಿ ಅವನು ಅರಸನ ರಕ್ತ ಹೀರುವುದಿಲ್ಲ. ಕಥೆ ಹೇಳುತ್ತಾನೆ, ಧರ್ಮಸೂಕ್ಷ್ಮವನ್ನು ಕೇಳುತ್ತಾನೆ, ಕೊನೆಗೆ ಭಿಕ್ಷುವಿನ ಕಪಟವನ್ನು ಬಯಲುಮಾಡಿ ಅರಸನ ಪ್ರಾಣವನ್ನೂ ಉಳಿಸುತ್ತಾನೆ. ಬೆರೆತ ಹೊತ್ತು ಬೆರೆತ ಜೀವಕ್ಕೆ ರೂಪಕವಾದೀತು. ಬೇರೆಬೇರೆಯಾಗಿ ನಿಂತ ಹೆಣಕ್ಕೂ ಬೇತಾಳನಿಗೂ ಅದು ಹೇಗೆ ರೂಪಕವಾಗಬೇಕು? ಸಮಾನಧರ್ಮವೇ ಇಲ್ಲ.

ರಕ್ತ ಕುಡಿಯುವ ಪ್ರೇತಗಳು ಕನ್ನಡದಲ್ಲಿ ಇಲ್ಲವೆಂದಲ್ಲ. ನಮ್ಮ ನೆರೆಯ ಮುಧೋಳದ ಕವಿಯಾದ ರನ್ನನ 'ಗದಾಯುದ್ಧ'ದಲ್ಲಿ ಸಂಜಯನೊಡನೆ ರಣಭೂಮಿಯನ್ನು ಹಾದುಹೋಗುವ ದುರ್ಯೋಧನನನ್ನು ಮರುಳುಗಳು ಹಂಗಿಸುವ ಭಾಗ ಪ್ರಸಿದ್ಧವಾಗಿದೆ. ಆ ಮರುಳುಗಳಿಗೆ ಬೇಕಾದದ್ದು ರಣಾಂಗಣವೆಂಬ ಸ್ಥಳ, ಹೊತ್ತು ಯಾವುದಾದರೇನು? ಬೇತಾಳನಿಗೂ ಹೀಗೆಯೇ ಸ್ಮಶಾನ ಮತ್ತು ಮರ. ಪಾಶ್ಚಾತ್ಯ ಪ್ರೇತವನ್ನು ಗಡಿಯಾರದಿಂದ ಗುರುತಿಸಬಹುದು, ನಮ್ಮದನ್ನು ನೆಲದ ಗುರುತಿನಿಂದ ಎಂದು ಸ್ಥೂಲವಾಗಿ ಹೇಳಬಹುದೆಂದು ತೋರುತ್ತದೆ.

ಬೇತಾಳನು ವ್ಯಾಂಪೈರನಾದದ್ದು ಭಾಷಾಂತರದ ಮೂಲಕ. ೧೮೭೦ರಲ್ಲಿ ರಿಚರ್ಡ್ ಬರ್ಟನ್ ಈ ಕಥೆಗಳಲ್ಲಿ ಹನ್ನೊಂದನ್ನು ತನ್ನ ರೀತಿಯಲ್ಲಿ ಹಿಗ್ಗಿಸಿ ಇಂಗ್ಲಿಷಿನಲ್ಲಿ ಪ್ರಕಟಿಸಿ, 'ವಿಕ್ರಮ್ ಅಂಡ್ ದಿ ವ್ಯಾಂಪೈರ್' ಎಂದು ಹೆಸರಿಟ್ಟನು. ಅರ್ನೆಸ್ಟ್ ಗ್ರೀಸೆ ಚಿತ್ರಗಳನ್ನು ಬರೆದನು. ೧೮೯೩ರಲ್ಲಿ ಬರ್ಟನ್ನನ ಪತ್ನಿ ಹೊರತಂದ ಮರುಮುದ್ರಣದ ಪೀಠಿಕೆಯಲ್ಲಿ ಬೇತಾಳನು ದೊಡ್ಡ ಬಾವಲಿಯೇ ಆಗಿಬಿಟ್ಟನು. ಮರದಲ್ಲಿ ತಲೆಕೆಳಗಾಗಿ ತೂಗುವ ಹೆಣ ಬಾವಲಿಯನ್ನು ನೆನಪಿಗೆ ತಂದಿರಬೇಕು. ಬಾವಲಿ ಬಂದೊಡನೆ ಅದು ಹಾರುವ ಹೊತ್ತೂ ಬಂದಿತು. ರಕ್ತ ಕುಡಿಯುವ ಬಾವಲಿಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇರುವಂಥವು, ಅವಕ್ಕೆ ವ್ಯಾಂಪೈರ್ ಎಂಬ ಹೆಸರು ದಂತಕಥೆಯಿಂದ ಬಂದದ್ದು. ನಮ್ಮ ಆಲದ ಮರಗಳಿಂದ ಸಂಜೆಗೆ ಏಳುವ ದೊಡ್ಡ ಬಾವಲಿಗಳು ಹಣ್ಣು ತಿಂದು ಬದುಕುತ್ತವೆ. ಆದರೂ ಫಲಕದ ಮೇಲೆ ಅವು ಬೇತಾಳನ ಪರಿವಾರವಾಗಿ ಹಾರಾಡುತ್ತಿವೆ.

ಈ ಭಾಷಾಂತರದ ದಾರಿಯನ್ನು ಹಿಡಿಯದೆ ಬೇತಾಳನನ್ನು ಚಿತ್ರಿಸಿದ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಮದರಾಸಿನಲ್ಲಿ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ೧೯೪೭ರ ಜುಲೈನಲ್ಲಿ ಆರಂಭಿಸಿದ 'ಚಂದಮಾಮ' ಕನ್ನಡದಲ್ಲಿ ೧೯೪೯ರಿಂದ ಬರತೊಡಗಿತು. ಮರಾಠಿಯಲ್ಲಿ ಅದರ ಹೆಸರು 'ಚಾಂದೋಬಾ'. ಅದರ ಬೇತಾಳ ಕಥೆಗಳಿಗೆ ಶಂಕರ್ ಎಂಬ ಹೆಸರಿನಿಂದ ಚಿತ್ರ ಬರೆದ ಕೆ. ಸಿ. ಶಿವಶಂಕರನ್ (೧೯೨೪–೨೦೨೦) ಅವರ ಚಿತ್ರವನ್ನು ನೋಡದ ವಾಚಕರು ವಿರಳ. ಕೈಯಲ್ಲಿ ಹಿರಿದ ಕತ್ತಿ, ಹೆಗಲ ಮೇಲೆ ಹೆಣ, ಮುಂದಿಟ್ಟ ಹೆಜ್ಜೆ, ಸುತ್ತ ಸ್ಮಶಾನದ ತಲೆಬುರುಡೆಗಳು. ಆಕಾಶವು ಈ ಚಿತ್ರದಲ್ಲಿ ಏನನ್ನೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಭಯವಿರುವುದು ಹೆಗಲಿಗೂ ಹೆಣಕ್ಕೂ ನಡುವಣ ಸ್ಪರ್ಶದಲ್ಲಿ. ಚಿತ್ರದ ಭಾರವೆಲ್ಲ ಒಂದು ಕಡೆಗೆ ವಾಲಿದ್ದರೂ ಅರಸನ ನಡೆ ಬಾಗುವುದಿಲ್ಲ. ಛಲ ಬಿಡದ ತ್ರಿವಿಕ್ರಮನೆಂಬ ನುಡಿಗಟ್ಟನ್ನು ಕನ್ನಡಿಗರ ನಾಲಗೆಗೆ ತಂದದ್ದು ಕಥೆಯೇ ಆದರೂ ಅದನ್ನು ಕಣ್ಣಿಗೆ ನಿಲ್ಲಿಸಿದ್ದು ಈ ಹೆಜ್ಜೆ. ಸೋಮದೇವನ ತ್ರಿವಿಕ್ರಮಸೇನನ ಹೆಸರು ಕನ್ನಡದಲ್ಲಿ ತ್ರಿವಿಕ್ರಮನಾಗಿ ಉಳಿದುದನ್ನೂ ಇಲ್ಲಿ ಗಮನಿಸಬಹುದು.

ನಮ್ಮ ಗಡಿನಾಡಿಗೆ ಈ ಪತ್ರಿಕೆಯಲ್ಲಿ ವಿಶೇಷ ಆಸಕ್ತಿಯಿರಬೇಕು. ೧೯೫೬ರ ತನಕ ಮುಂಬಯಿ ರಾಜ್ಯದಲ್ಲಿದ್ದು ಅನಂತರ ಮೈಸೂರು ರಾಜ್ಯಕ್ಕೆ ಸೇರಿದ ಈ ಪ್ರದೇಶದಲ್ಲಿ ಒಂದು ಮನೆಯ ಮಕ್ಕಳು ಕನ್ನಡದಲ್ಲಿಯೂ ನೆರೆಮನೆಯವರು ಮರಾಠಿಯಲ್ಲಿಯೂ ಓದುವುದು ಸಾಮಾನ್ಯ. ಎರಡು ಮನೆಗಳ ಪತ್ರಿಕೆಗಳಲ್ಲಿ ಅಕ್ಷರ ಬೇರೆಯಾದರೂ ಚಿತ್ರ ಒಂದೇ ಆಗಿತ್ತು. ಗಡಿಯನ್ನು ಎರಡು ಬೆಳಕುಗಳ ನಡುವಣ ಮಬ್ಬು ಎಂದು ವರ್ಣಿಸುವ ಲೇಖಕರೂ ಇದ್ದಾರೆ. ಇದೂ ನಾವು ಒಪ್ಪದ ಒಂದು ಮುಸ್ಸಂಜೆಯ ರೂಪಕ. ಎರಡು ಭಾಷೆಗಳನ್ನು ಪೂರ್ತಿಯಾಗಿ ಬಲ್ಲವನು ಅರೆಬೆಳಕಿನಲ್ಲಿರುವವನಲ್ಲ. ಪತ್ರಿಕೆಯ ಪ್ರಕಟಣೆ ೨೦೧೦ರ ದಶಕದಲ್ಲಿ ನಿಂತಿತು. ೧೯೮೫ರಲ್ಲಿ ದೂರದರ್ಶನದಲ್ಲಿ ಬಂದ ರಾಮಾನಂದ ಸಾಗರರ ಧಾರಾವಾಹಿಯೂ ಬೇತಾಳನನ್ನು ಬಿಳಿಗೂದಲಿನ ಮಾತುಗಾರನನ್ನಾಗಿಯೇ ಉಳಿಸಿಕೊಂಡಿತ್ತು. ಕಿತ್ತಳೆಯ ಆಕಾಶ ನಮ್ಮ ಫಲಕಗಳಿಗೆ ಇಳಿದದ್ದು ಇವೆಲ್ಲವುಗಳ ಅನಂತರ, ಗಣಕಯಂತ್ರದ ಸಿದ್ಧಚಿತ್ರಗಳೊಡನೆ.

ಇಷ್ಟಕ್ಕೂ ಈ ಪ್ರದೇಶದ ಜನಜೀವನದಲ್ಲಿ ಮುಸ್ಸಂಜೆ ಪ್ರೇತಗಳ ಹೊತ್ತೆಂಬ ನಂಬಿಕೆ ಇಲ್ಲವೇ ಎಂಬ ಆಕ್ಷೇಪ ಬರಬಹುದು. ಇದೆ. ಹಸುಗೂಸನ್ನು ಆ ಹೊತ್ತಿನಲ್ಲಿ ಹೊರಗೆ ತರಬಾರದೆನ್ನುವ ಹಿರಿಯರನ್ನು ನಾವೆಲ್ಲರೂ ಬಲ್ಲೆವು. ಆದರೆ ಅದೇ ಹಿರಿಯರು ಆ ಹೊತ್ತಿನಲ್ಲಿ ಮಲಗಬಾರದು, ಅಳಬಾರದು, ಕಸ ಹೊರಗೆ ಚೆಲ್ಲಬಾರದು, ಬಾಗಿಲು ಮುಚ್ಚಬಾರದು ಎಂದೂ ಹೇಳುವರು, ಏಕೆಂದರೆ ಲಕ್ಷ್ಮಿ ಬರುವ ಹೊತ್ತು ಅದೇ. ಮುಸ್ಸಂಜೆಯನ್ನು ಇಲ್ಲಿ ಮೂರುಸಂಜೆಯೆಂದೂ ಆಡುತ್ತಾರೆ. ಮರಾಠಿಯ 'ತಿನ್ಹೀಸಾಂಜಾ' ಎಂಬ ಮಾತೂ ಅದೇ ಎಣಿಕೆಯದು. ದೀಪ ಹಚ್ಚುವ ಹೊತ್ತು ಎಂಬುದು ಅದರ ಇನ್ನೊಂದು ಹೆಸರು. ಪಾಶ್ಚಾತ್ಯ ವಿನ್ಯಾಸದ ಮುಸ್ಸಂಜೆಯಲ್ಲಿ ಬೆಳಕು ಹೋಗುತ್ತಿದೆ. ನಮ್ಮ ಮನೆಗಳ ಮುಸ್ಸಂಜೆಯಲ್ಲಿ ಬೆಳಕು ಬರುತ್ತಿದೆ. ಪ್ರದೋಷವು ಶಿವನ ನಾಟ್ಯದ ಹೊತ್ತು. ಹಿರಣ್ಯಕಶಿಪುವಿನ ಸಂಹಾರವಾದದ್ದೂ ಸಂಧ್ಯೆಯಲ್ಲಿ. ಹಗಲಿನಲ್ಲಾಗಲಿ ಇರುಳಿನಲ್ಲಾಗಲಿ ಸಾವು ಬಾರದಿರಲೆಂಬ ವರದಲ್ಲಿ ಅವನಿಗೆ ಕಾಣದೆ ಉಳಿದ ಸಂದು ಅದು. ಡ್ರಾಕುಲನ ಕಥೆಯೊಡನೆ ಇದನ್ನು ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುವುದು: ಡ್ರಾಕುಲನು ಸಂಜೆಯನ್ನು ನಂಬಿ ಕಾಯುತ್ತಾನೆ, ಹಿರಣ್ಯಕನು ಅದನ್ನು ಎಣಿಸುವುದನ್ನೇ ಮರೆತಿದ್ದಾನೆ.

ಕೊನೆಯದಾಗಿ ಒಂದು ಸಂಗತಿ, ಇದಕ್ಕಾಗಿಯೇ ನಾವು ಲೇಖನಿ ಹಿಡಿದದ್ದು. ಬೇತಾಳನು ನಮಗೆ ಕಥೆಯ ಪಾತ್ರ ಮಾತ್ರವಲ್ಲ. ನಿಪ್ಪಾಣಿಯಿಂದ ಪಶ್ಚಿಮಕ್ಕೆ ಸಹ್ಯಾದ್ರಿಯ ಘಟ್ಟವನ್ನು ಇಳಿದರೆ ಕೊಂಕಣ, ಗೋವೆಗಳಲ್ಲಿ ಅವನು ಗ್ರಾಮರಕ್ಷಕನಾದ ದೇವರು. ಸಿಂಧುದುರ್ಗ ಜಿಲ್ಲೆಯ ಆರವಲಿಯ ವೇತೋಬಾನಿಗೆ ಭಕ್ತರು ದೊಡ್ಡ ಚರ್ಮದ ಚಪ್ಪಲಿಗಳನ್ನು ಹರಕೆಯಾಗಿ ಒಪ್ಪಿಸುತ್ತಾರೆ. ಅವನು ರಾತ್ರಿಯೆಲ್ಲ ಊರು ಕಾಯುತ್ತ ತಿರುಗುವುದರಿಂದ ಅವು ಸವೆಯುತ್ತವೆಂದು ನಂಬಿಕೆ. ಗೋವೆಯ ಲೋಲಿಯೆ, ಆಮೋಣೆ ಗ್ರಾಮಗಳಲ್ಲಿಯೂ ಬೇತಾಳನ ಆರಾಧನೆಯುಂಟು. ಕೊಲ್ಹಾಪುರಿಯೆಂದು ಹೆಸರಾಗಿ, ೨೦೧೯ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಚಪ್ಪಲಿಗಳನ್ನು ಹೊಲಿಯುವ ಕುಶಲಿಗಳಿರುವ ಅಥಣಿ ನಿಪ್ಪಾಣಿಗಳ ಜನರಿಗೆ ಚಪ್ಪಲಿ ಸವೆಸುವ ದೇವರ ಗೌರವವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಕಾಲ್ನಡಿಗೆಯಲ್ಲಿ ಊರು ಸುತ್ತುವ ಈ ಕಾವಲುಗಾರನಿಗೆ ಬಾವಲಿಯ ರೆಕ್ಕೆಯನ್ನೂ ರಕ್ತದ ಕೋರೆಹಲ್ಲನ್ನೂ ಹಚ್ಚಿ ಸಂಜೆಯ ಆಕಾಶದಲ್ಲಿ ತೂಗಿಬಿಟ್ಟರೆ, ಅದನ್ನೇ ನೋಡಿ ಬೆಳೆಯುವ ಮಗು ಮುಂದೊಂದು ದಿನ ಆರವಲಿಯ ಗುಡಿಯಲ್ಲಿ ಏನನ್ನು ಕಂಡೀತು?

ಮುಸ್ಸಂಜೆಯನ್ನೇ ಬರೆಯಬೇಕೆನ್ನುವ ವಿದ್ಯಾರ್ಥಿಗೆ ಹೊಸ್ತಿಲ ಮೇಲೆ ಕುಳಿತ ನರಸಿಂಹನಿದ್ದಾನೆ. ಬಣ್ಣದ ನೆರವಿಲ್ಲದ ಶಿಲ್ಪಿ ಕಂಬ, ತೊಡೆ, ಉಗುರುಗಳಿಂದಲೇ ಆ ಸಂದನ್ನು ಹೇಗೆ ಕಾಣಿಸಿದನೆಂಬುದನ್ನು ಎಲ್ಲೋರದಲ್ಲಿ, ಹಳೇಬೀಡಿನಲ್ಲಿ ನೋಡಬಹುದು. ಬೇತಾಳನನ್ನು ಬರೆಯುವವರು ಕೃಷ್ಣ ಚತುರ್ದಶಿಯ ಕತ್ತಲೆಯನ್ನು ಕಾಗದಕ್ಕೆ ಇಳಿಸುವ ಕಷ್ಟವನ್ನು ಹೊತ್ತುಕೊಳ್ಳಲೇಬೇಕಾಗುತ್ತದೆ. ಅಂಥವರಿಗೆ ಹಳೆಯ ಚಂದಮಾಮದ ಸಂಚಿಕೆಗಳು ಇನ್ನೂ ಹಲವರ ಮನೆಯ ಅಟ್ಟದ ಮೇಲೆ ದೊರೆಯುತ್ತವೆ.